ಏಳನೆಯ ಅಧ್ಯಾಯದಲ್ಲಿ ಸತ್ತವರ ಮನೆಯ ಊಟ

ಶಂಕರಪುರಂ, ಹೊರಡುವ ಮುಂಚೆ

ನಲವತ್ತೇಳನೆಯ ವಯಸ್ಸಿನಲ್ಲಿ ನಾನು ಪಿಎಚ್‌ಡಿಗೆ ಕೂತದ್ದು ವಿದ್ಯೆಯ ಹಸಿವಿನಿಂದಲ್ಲ. ಬಸವನಗುಡಿಯ ಕಾಲೇಜೊಂದರಲ್ಲಿ ಇಪ್ಪತ್ತೊಂದು ವರ್ಷ ಇಂಗ್ಲಿಷ್ ಪಾಠ ಹೇಳಿದ ಮೇಲೂ, ನನ್ನ ಕೈಯಲ್ಲೇ ಓದಿದ ಹುಡುಗಿಯರು ಹೆಸರಿನ ಮುಂದೆ ‘ಡಾ.’ ಅಂಟಿಸಿಕೊಂಡು ನನ್ನ ಮೇಲಿನ ಕುರ್ಚಿಗೆ ಏರುತ್ತಿದ್ದರು. ಹೊಟ್ಟೆಕಿಚ್ಚು. ಇನ್ನೇನೂ ಇಲ್ಲ.

ವಿಷಯ ಯಾವುದು ತೆಗೆದುಕೊಳ್ಳಲಿ ಎಂದು ಗೈಡ್ ಹತ್ತಿರ ಹೋದೆ. ಅವರು ಒಂದು ನಿಮಿಷವೂ ಯೋಚಿಸಲಿಲ್ಲ.

“ಗಿರಿಜಾ ಮೇಡಂ, ಡಯಾಸ್ಪೊರಾ ಗಿಯಾಸ್ಪೊರಾ ಎಲ್ಲಾ ಹಳಸಿಹೋಯ್ತು. ಪ್ಯಾಲೆಸ್ತೀನ್ ತಗೊಳಿ. ಈಗ ಅದೇ ಓಡ್ತಿರೋದು.”

ಮಾಮೂಲ್‌ಪೇಟೆಯಲ್ಲಿ ನಮ್ಮ ತಂದೆಗೆ ಗುಂಡಿ, ದಾರ, ಲೇಸಿನ ಅಂಗಡಿಯಿತ್ತು. ಯಾವ ಲೇಸು ತರಿಸಲಿ ಎಂದು ಕೇಳಿದರೆ ಸಗಟು ವ್ಯಾಪಾರಿಗಳು ಇದೇ ದನಿಯಲ್ಲಿ ‘ಈಗ ಇದೇ ಓಡ್ತಿರೋದು ಸ್ವಾಮಿ’ ಎನ್ನುತ್ತಿದ್ದರು. ನಾನು ವ್ಯಾಪಾರಸ್ಥರ ಮಗಳು. ಓಡುವ ಮಾಲನ್ನೇ ತೆಗೆದುಕೊಂಡೆ: ಈ ಕಾಲದ ಪ್ಯಾಲೆಸ್ತೀನಿನವರು ಇಂಗ್ಲಿಷಿನಲ್ಲಿ ಬರೆದ ಸಾಹಿತ್ಯ.

ಸ್ಟಾಫ್ ರೂಮಿನಲ್ಲಿ ಕೆಮಿಸ್ಟ್ರಿಯ ಮೇಷ್ಟ್ರೊಬ್ಬರು ಮಾತ್ರ ಸರಿಯಾದ ಪ್ರಶ್ನೆ ಕೇಳಿದರು. “ಅಲ್ರೀ, ಅವರು ಅರಬ್ಬಿ ಮಾತಾಡೋರು. ಇಂಗ್ಲಿಷಲ್ಲಿ ಯಾಕೆ ಬರೀತಾರೆ?” ಇದಕ್ಕೆ ನನ್ನ ಪ್ರಬಂಧದಲ್ಲಿ ಇಪ್ಪತ್ತು ಪುಟ ಉತ್ತರವಿತ್ತು. ಒಂದೂವರೆ ಪುಟ ಹೇಳುವಷ್ಟರಲ್ಲಿ ಅವರ ಚಿತ್ರಾನ್ನ ಮುಗಿಯಿತು, ಎದ್ದು ಕೈತೊಳೆಯಲು ಹೋದರು.

ನನ್ನ ಪ್ರಬಂಧದ ಕೇಂದ್ರದಲ್ಲಿದ್ದದ್ದು, ಬರೆದವಳ ಸ್ವಂತ ಕತೆಯೆಂದೇ ಎಲ್ಲರೂ ಓದುತ್ತಿದ್ದ ಒಂದು ಕಾದಂಬರಿ. ಬರೆದವಳನ್ನು ಇಲ್ಲಿ ರೀಮಾ ಎಂದು ಕರೆಯುತ್ತೇನೆ; ನಿಜವಾದ ಹೆಸರು ಅದಲ್ಲ. ಅದರ ಏಳನೆಯ ಅಧ್ಯಾಯದಲ್ಲಿ ನಾಯಕಿಯ ತಾಯಿ, ಕಾಯಿಲೆ ಬಿದ್ದ ತಂಗಿಯನ್ನು ನೋಡಲು ಜೋರ್ಡಾನ್ ಹೊಳೆಯಾಚೆಯ ಪ್ಯಾಲೆಸ್ತೀನಿನ ಊರಿಗೆ ಹೊರಡುತ್ತಾಳೆ. ಕೈಯಲ್ಲೊಂದು ಪಾತ್ರೆ. ಅದರ ತುಂಬ ದ್ರಾಕ್ಷಿ ಎಲೆಯಲ್ಲಿ ಅಕ್ಕಿ ತುಂಬಿ ಸುತ್ತಿ ಬೇಯಿಸಿದ ಸುರುಳಿಗಳು, ನಮ್ಮ ಪತ್ರೊಡೆಯ ದೂರದ ನೆಂಟರು. ಗಡಿಯ ಸೇತುವೆಯ ಹತ್ತಿರ ಸೈನಿಕನ ಗುಂಡಿಗೆ ಅವಳು ಬೀಳುತ್ತಾಳೆ. ಸುರುಳಿಗಳು ರಸ್ತೆಯ ತುಂಬ ಚೆಲ್ಲುತ್ತವೆ. ಚೆಲ್ಲಿದ ಆ ಎಲೆಗಳು ಎಂದರೆ ಚದುರಿಹೋದ ಒಂದು ಜನಾಂಗ ಎಂದು ನಾನು ಹನ್ನೊಂದು ಪುಟ ಬರೆದಿದ್ದೆ. ಗೈಡ್ ಓದಿ, “ಸೂಪರ್ ಮೇಡಂ. ಇದನ್ನ ಫಾರಿನ್ನಲ್ಲಿ ಒಂದ್ಸಲ ಓದಿಬಿಡಿ, ವೆಯ್ಟ್ ಬರುತ್ತೆ” ಎಂದರು.

ಹಾಗೆ ಸಿಕ್ಕಿದ್ದು ಅಮ್ಮಾನಿನ ಎರಡು ವಾರದ ಬೇಸಿಗೆ ಶಿಬಿರ. ಯುರೋಪಿನ ಒಂದು ವಿಶ್ವವಿದ್ಯಾಲಯ ನಡೆಸುವಂಥದ್ದು. ಪ್ಯಾಲೆಸ್ತೀನಿಗೆ ಹೋಗುವುದು ಅಲ್ಲಿಯವರಿಗೇ ಸುಲಭವಿಲ್ಲ. ಹಾಗಾಗಿ ಪಕ್ಕದ ಜೋರ್ಡಾನಿನಲ್ಲಿ ಕೂತು ಅದರ ಬಗ್ಗೆ ಮರುಗುವುದೆಂದು ಏರ್ಪಾಟಾಗಿತ್ತು.

ಅಮ್ಮಾನ್, ಮೊದಲ ದಿನ

ಅಮ್ಮಾನ್ ಎಂದರೆ ಗುಡ್ಡ, ಗುಡ್ಡದ ಮೇಲೆ ಬಿಳಿ ಕಲ್ಲಿನ ಮನೆಗಳು, ಎರಡು ಗುಡ್ಡಗಳ ನಡುವೆ ಮೆಟ್ಟಿಲು. ಊರು ಹೀಗಿದೆಯೆಂದು ನಾನು ಓದಿದ್ದ ಇಪ್ಪತ್ತಾರು ಕಾದಂಬರಿಗಳಲ್ಲಿ ಯಾರೂ ಸ್ಪಷ್ಟವಾಗಿ ಹೇಳಿರಲಿಲ್ಲ. ನೆನಪು, ನೋವು, ಧೂಳು ಎಂದೆಲ್ಲ ಹೇಳಿದ್ದರು. ಮೆಟ್ಟಿಲಿನ ವಿಷಯ ಹೇಳಿದ್ದರೆ ಬೇರೆ ಚಪ್ಪಲಿ ತರುತ್ತಿದ್ದೆ.

ಟ್ಯಾಕ್ಸಿಯವನು ಫೋನಿನಲ್ಲಿ ನನ್ನ ಹಾಸ್ಟೆಲಿನ ನಕ್ಷೆ ತೋರಿಸಿ ‘ಇದೇನಾ?’ ಎಂಬಂತೆ ಹುಬ್ಬೇರಿಸಿದ. ನಾನು ನಮ್ಮೂರಿನವರ ಹಾಗೆ ಹೌದೆಂದು ತಲೆಯಾಡಿಸಿದೆ. ಆ ಕಡೆ ಈ ಕಡೆ ಆಡಿದ ತಲೆಯನ್ನು ಅವನು ಅಲ್ಲ ಎಂದು ತಿಳಿದು ಮುಂದೆ ಹೋದ. ಸ್ವಲ್ಪ ಹೊತ್ತಾದ ಮೇಲೆ ‘ದಾರಿ ಗೊತ್ತಾ?’ ಎಂದು ಕೇಳಿದೆ. ಅವನು ಗಲ್ಲ ಮೇಲೆತ್ತಿ ನಾಲಿಗೆಯಿಂದ ‘ಚ್’ ಎಂದ. ಪಾಪ, ಒಬ್ಬಳೇ ಬಂದಿದ್ದಾಳೆ ಎಂದು ನನ್ನ ಮೇಲೆ ಮರುಕಪಡುತ್ತಿದ್ದಾನೆ ಎಂದುಕೊಂಡೆ. ಅಲ್ಲಿ ಅದಕ್ಕೆ ‘ಇಲ್ಲ’ ಎಂದರ್ಥ. ಇಬ್ಬರೂ ಒಂದಿಷ್ಟೂ ಸುಳ್ಳು ಹೇಳದೆ ಮುಕ್ಕಾಲು ಗಂಟೆ ಒಂದೇ ಗುಡ್ಡ ಸುತ್ತಿದೆವು.

ಮೂರನೆಯ ದಿನ, ತರಗತಿ

ಶಿಬಿರದಲ್ಲಿ ನಾವು ಹನ್ನೊಂದು ಜನ. ಏಳು ದೇಶದವರು. ಪ್ಯಾಲೆಸ್ತೀನಿನವರು ಒಬ್ಬರೂ ಇರಲಿಲ್ಲ. ಊರಿನ ಅರ್ಧದಷ್ಟು ಜನ ಅವರೇ. ಚಹಾ ಕೊಡುವವನು ಅವರವನೇ, ಬಾಗಿಲು ಕಾಯುವವನು ಅವರವನೇ. ಆದರೆ ತರಗತಿಯ ಒಳಗೆ ಕುರ್ಚಿಯ ಮೇಲೆ ಕೂತು ಅವರ ಬಗ್ಗೆ ತಿಳಿದುಕೊಳ್ಳುತ್ತಿದ್ದವರು ನಾವು.

ಎರಡನೆಯ ದಿನಕ್ಕೇ ಎಲ್ಲರ ಕುತ್ತಿಗೆಗೂ ಪ್ಯಾಲೆಸ್ತೀನಿನವರ ಗುರುತಾದ ಕಪ್ಪು ಬಿಳುಪಿನ ಚೌಕುಳಿ ಶಾಲು ಬಂದಿತ್ತು. ಕಾರ್ತೀಕದ ಚಳಿಯಲ್ಲ, ಜುಲೈ ತಿಂಗಳ ಬಿಸಿಲು. ಬೆವರು ಇಳಿಯುತ್ತಿದ್ದರೂ ಯಾರೂ ತೆಗೆಯಲಿಲ್ಲ. ನಿರ್ದೇಶಕಿ ಹೆಲೆನ್ ಅರವತ್ತು ದಾಟಿದ ಪ್ರೊಫೆಸರ್. ಪುಟಕ್ಕೊಮ್ಮೆ ಓದು ನಿಲ್ಲಿಸಿ, “ಈ ನೋವಿನ ಜೊತೆ ಸುಮ್ಮನೆ ಕೂರೋಣ” ಎನ್ನುತ್ತಿದ್ದರು. ಕೂರುತ್ತಿದ್ದೆವು. ಆಮೇಲೆ ಬಿಸ್ಕತ್ತು ಬರುತ್ತಿತ್ತು. ದಿನದ ಕೊನೆಗೆ ದುಂಡಗೆ ಕೂತು, ಓದಿದ್ದು ನಮ್ಮ ದೇಹದ ಯಾವ ಭಾಗದಲ್ಲಿ ನಾಟಿತು ಎಂದು ಒಬ್ಬೊಬ್ಬರೂ ಹೇಳಬೇಕು. ಕ್ಲೇರ್ ಎಂಬ ಇಂಗ್ಲೆಂಡಿನ ಹುಡುಗಿ ಪ್ರತಿದಿನ ‘ಗಂಟಲು’ ಎಂದು ಅಳುತ್ತಿದ್ದಳು. ನನ್ನ ಸರದಿ ಬಂದಾಗ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕೂತು ಏನು ನೋಯುತ್ತಿತ್ತೋ ಅದನ್ನೇ ಹೇಳಿದೆ: “ಬೆನ್ನು.” ಹೆಲೆನ್ ಕಣ್ಣು ಮುಚ್ಚಿ ತಲೆದೂಗಿದರು. “ಹೊರೆ,” ಎಂದರು. ಎಲ್ಲರೂ ಬರೆದುಕೊಂಡರು.

ನಾನೂ ಏನೂ ಕಡಿಮೆಯಿರಲಿಲ್ಲ. ಶಾಲು ಕೊಂಡಿರಲಿಲ್ಲ, ಅಷ್ಟೇ. ನನ್ನ ಚೀಲದಲ್ಲಿ ಹನ್ನೊಂದು ಪುಟ ಎಲೆಗಳಿದ್ದವು.

ಐದನೆಯ ದಿನ, ರೀಮಾಳ ಮನೆ

ಲೇಖಕಿಯನ್ನು ಅವಳ ಮನೆಯಲ್ಲೇ ಭೇಟಿ ಮಾಡುವುದು ಶಿಬಿರದ ಮುಖ್ಯ ಆಕರ್ಷಣೆ. ಲಿಫ್ಟಿಲ್ಲದ ಕಟ್ಟಡದ ಮೂರನೆಯ ಮಹಡಿ. ರೀಮಾಗೆ ನಲವತ್ತೈದಿರಬಹುದು. ಹೊಟ್ಟೆಪಾಡಿಗೆ ಔಷಧಿ ಕಂಪನಿಯೊಂದರ ಕಾಗದಪತ್ರಗಳನ್ನು ಅರಬ್ಬಿಯಿಂದ ಇಂಗ್ಲಿಷಿಗೆ ಮಾಡುವ ಕೆಲಸ. ನಾವು ಹನ್ನೆರಡು ಜನ ಅವಳ ಪುಟ್ಟ ಹಾಲಿನಲ್ಲಿ ಚಪ್ಪಲಿ ಸಮೇತ ತುಂಬಿಕೊಂಡೆವು. ಬಾಗಿಲಲ್ಲಿ ಬಿಟ್ಟವಳು ನಾನೊಬ್ಬಳೇ.

ಮೂಲೆಯಲ್ಲಿ ಟಿವಿ ಸದ್ದಿಲ್ಲದೆ ಓಡುತ್ತಿತ್ತು. ಗಾಜಾ. ಕುಸಿದ ಕಟ್ಟಡ, ಕಂಬಳಿಯಲ್ಲಿ ಸುತ್ತಿದ ಏನನ್ನೋ ಎತ್ತಿಕೊಂಡು ಓಡುತ್ತಿದ್ದ ಜನ. ಎದುರಿಗೆ ಕುರ್ಚಿಯಲ್ಲಿ ಒಬ್ಬ ಮುದುಕಿ ಕೂತು ನೋಡುತ್ತಿದ್ದರು. ಹೆಲೆನ್ ಮೆಲ್ಲಗೆ, “ಅದನ್ನು ಸ್ವಲ್ಪ ಆರಿಸಬಹುದೇ? ಕಾದಂಬರಿಯ ಮೇಲೆ ಗಮನ ನಿಲ್ಲುವುದಿಲ್ಲ” ಎಂದು ಕೇಳಿದರು.

ಮುದುಕಿ ಗಲ್ಲ ಎತ್ತಿ “ಚ್” ಎಂದರು. ಈಗ ನನಗೆ ಅರ್ಥ ಗೊತ್ತಿತ್ತು.

ಕ್ಲೇರ್ ಹೋಗಿ ರೀಮಾಳ ಎರಡೂ ಕೈ ಹಿಡಿದುಕೊಂಡಳು. “ನಿಮ್ಮ ತಾಯಿಯವರ ಸಾವು ಓದಿ ಮೂರು ದಿನ ನನಗೆ ಊಟ ಸೇರಲಿಲ್ಲ. ನೀವು ಹೇಗೆ ಬದುಕಿದ್ದೀರೋ!” ರೀಮಾ ತಲೆ ತಗ್ಗಿಸಿದಳು. ಮುದುಕಿ ಎದ್ದು ಒಳಗೆ ಹೋಗಿ ಚಹಾದ ತಟ್ಟೆ ಹೊತ್ತು ತಂದರು. ರೀಮಾ ಯಾರ ಮುಖವನ್ನೂ ನೋಡದೆ, “ಇವರು ನಮ್ಮ ಚಿಕ್ಕಮ್ಮ” ಎಂದಳು.

ಮುದುಕಿ ಲೋಟ ಕೊಡುತ್ತ ರೀಮಾಗೆ ಅರಬ್ಬಿಯಲ್ಲಿ ಏನೋ ಕೇಳಿದರು, ಸಕ್ಕರೆಯ ವಿಷಯವಿರಬೇಕು. ನನಗೆ ತಿಳಿದದ್ದು ಒಂದೇ ಪದ: “ಯಮ್ಮಾ.”

ಅಲ್ಲಿ ಯಮ್ಮಾ ಎಂದರೆ ಅಮ್ಮ. ಮಕ್ಕಳು ತಾಯಿಯನ್ನು ಹಾಗೆ ಕರೆಯುತ್ತಾರೆ. ತಾಯಿಯೂ ಮುದ್ದಿಗೆ ಮಕ್ಕಳನ್ನು ಹಾಗೇ ಕರೆಯುತ್ತಾಳೆ. ನಮ್ಮ ಮನೆಗಳಲ್ಲಿ ಮಗಳನ್ನು ‘ಬಾಮ್ಮ’, ‘ಏನವ್ವ’ ಎನ್ನುವುದಿಲ್ಲವೇ, ಹಾಗೆ. ಚಿಕ್ಕಮ್ಮನಾಗಿದ್ದರೆ ಚಿಕ್ಕಮ್ಮ ಎಂಬ ಪದದಿಂದಲೇ ಕರೆಯುತ್ತಿದ್ದರು. ಇದಕ್ಕೆ ನನ್ನ ಪ್ರಬಂಧದಲ್ಲಿ ಒಂದು ಅಡಿಟಿಪ್ಪಣಿಯೂ ಇತ್ತು. ನಾನು ರೀಮಾಳ ಮೂಗು ನೋಡಿದೆ, ಮುದುಕಿಯ ಮೂಗು ನೋಡಿದೆ. ಏಳನೆಯ ಅಧ್ಯಾಯದಲ್ಲಿ ಸತ್ತವರು ನನ್ನ ಕೈಗೆ ಬಿಸಿ ಚಹಾ ಕೊಟ್ಟು, ಹುಷಾರು ಎಂಬಂತೆ ಲೋಟದ ಅಂಚು ತೋರಿಸಿದರು.

ಖಾಲಿ ಲೋಟಗಳನ್ನು ಹಿರಿಯರು ಎತ್ತುವಾಗ ಕೂತು ನೋಡುವುದು ನನ್ನಿಂದಾಗಲಿಲ್ಲ. ತಟ್ಟೆ ಇಸಿದುಕೊಂಡು ಅಡುಗೆಮನೆಗೆ ಹೋದೆ.

“ಇಂಡಿಯಾ?” ಎಂದರು ಮುದುಕಿ, ಇಂಗ್ಲಿಷಿನಲ್ಲಿ. “ಅಚ್ಛಾ. ಕುವೈತಲ್ಲಿ ಹೊಲಿಗೆ ಅಂಗಡಿ. ಹದಿನಾಲ್ಕು ವರ್ಷ. ನನ್ನ ಪಕ್ಕದ ಮೆಷಿನ್ನು ಇಂಡಿಯಾದವಳದು. ಜಲ್ದಿ ಜಲ್ದಿ ಅಂತಿದ್ಳು. ನಿನ್ನ ತಂದೆ ಏನು ಕೆಲಸ?”

“ಗುಂಡಿ, ದಾರ, ಲೇಸಿನ ಅಂಗಡಿ ಇತ್ತು.”

ಅವರ ಮುಖವೇ ಬದಲಾಯಿತು. ಒದ್ದೆ ಕೈಯಲ್ಲೇ ನನ್ನ ಕುರ್ತಾದ ತೋಳು ತಿರುಗಿಸಿ ಒಳಹೊಲಿಗೆ ನೋಡಿದರು. “ಗುಂಡಿ ಅಂಗಡಿಯವನ ಮಗಳು ಇಂಥ ಹೊಲಿಗೆ ಹಾಕ್ಕೋತೀಯಾ? ಯಾರು ಹೊಲಿದ್ರು? ಕಳ್ಳ.” ತೋಳು ಬಿಟ್ಟರು. “ಶುಕ್ರವಾರ ಊಟಕ್ಕೆ ಬಾ. ಅವರನ್ನೆಲ್ಲ ಕರ್ಕೊಂಡು ಬರಬೇಡ.”

ಶುಕ್ರವಾರ

ಅಲ್ಲಿ ಹೆಂಗಸರನ್ನು ಹಿರಿಯ ಮಗನ ಹೆಸರಿನಿಂದ ಕರೆಯುವುದು ವಾಡಿಕೆ. ಇವರು ಉಮ್ ಖಾಲಿದ್, ಅಂದರೆ ಖಾಲಿದನ ತಾಯಿ. ರೀಮಾ ಅಣ್ಣನ ಮನೆಗೆ ಹೋಗಿದ್ದಳು. ನಾನು ಮಾಂಸ ತಿನ್ನುವುದಿಲ್ಲವೆಂದು ಮೊದಲೇ ಹೇಳಿದ್ದರಿಂದ ಮಸೂರ ಕಾಳು ಹಾಕಿದ ಅನ್ನ ಮಾಡಿ, ಮೇಲೆ ಕಪ್ಪಾಗುವಷ್ಟು ಕರಿದ ಈರುಳ್ಳಿ ಸುರಿದಿದ್ದರು. ಪಕ್ಕದಲ್ಲಿ ಗಟ್ಟಿ ಮೊಸರು. ನಾನು ಎರಡನೆಯ ಸಲ ಹಾಕಿಸಿಕೊಳ್ಳುವುದನ್ನು ಕಾದರು. ಆಮೇಲೆ ಸೌತೆಕಾಯಿ ಸಿಪ್ಪೆ ತೆಗೆಯುತ್ತ ಕೇಳಿದರು:

“ನೀನು ಟೀಚರ್. ಅವಳ ಪುಸ್ತಕ ಓದಿದ್ದೀಯ. ನನಗೆ ಇಂಗ್ಲಿಷ್ ಮಾತಾಡೋಕೆ ಬರುತ್ತೆ, ಓದೋಕೆ ಬರಲ್ಲ. ನಾನಿದೀನಂತೆ ಅದ್ರಲ್ಲಿ. ಏನು ಮಾಡ್ತೀನಿ?”

“ಒಳ್ಳೆಯ ಪಾತ್ರ ನಿಮ್ಮದು.”

“ಏನು ಮಾಡ್ತೀನಿ ಅಂದೆ.”

“ಅಡುಗೆ ಮಾಡ್ತೀರಿ. ಹಾಡ್ತೀರಿ.”

“ನಾನು ಯಾವತ್ತೂ ಹಾಡಿಲ್ಲ. ಆಮೇಲೆ?”

“ತಂಗೀನ ನೋಡೋಕೆ ಸೇತುವೆಗೆ ಹೋಗ್ತೀರಿ.”

ಚಾಕು ನಿಂತಿತು. “ಆಮೇಲೆ?”

ಸುಳ್ಳು ಹೇಳಬಹುದಿತ್ತು. ಆದರೆ ಅವರ ಅನ್ನ ನನ್ನ ಬಾಯಲ್ಲಿತ್ತು. “ಅಲ್ಲಿ ಸಾಯ್ತೀರಿ,” ಎಂದೆ.

ಅವರು ಸೌತೆಕಾಯಿಯನ್ನು ಪೂರ್ತಿ ಹೆಚ್ಚಿ ಮುಗಿಸಿದರು. ಉಪ್ಪು ಉದುರಿಸಿದರು. “ಎಲ್ಲಿ? ಕೊನೇಲಾ?”

“ಏಳನೇ ಅಧ್ಯಾಯ.”

“ಒಟ್ಟು ಎಷ್ಟು?”

“ಹದಿನೆಂಟು.”

“ಮತ್ತೆ ಉಳಿದಿದ್ದರಲ್ಲಿ ಮನೇಲಿ ಅಡುಗೆ ಯಾರು ಮಾಡ್ತಾರೆ?”

ನಾನು ಆ ಕಾದಂಬರಿಯನ್ನು ಆರು ಸಲ ಓದಿದ್ದೆ. ಯೋಚಿಸಿದೆ. ಏಳನೆಯ ಅಧ್ಯಾಯದ ಮೇಲೆ ಆ ಮನೆಯಲ್ಲಿ ಯಾರೂ ಒಲೆ ಹಚ್ಚುವುದಿಲ್ಲ. ಗಂಡಸರು ಕಿಟಕಿಯಾಚೆ ನೋಡುತ್ತಾರೆ, ಹುಡುಗಿ ನೆನಪು ಮಾಡಿಕೊಳ್ಳುತ್ತಾಳೆ. ನನಗಿದು ಹೊಳೆದೇ ಇರಲಿಲ್ಲ. ಪುಸ್ತಕಕ್ಕೆ ಬೆನ್ನುಡಿ ಬರೆದ ಮೂವರು ಘನ ವಿಮರ್ಶಕರಿಗೂ ಹೊಳೆದಿರಲಿಲ್ಲ.

“ಫಾರಿನ್ನವರು ಬಂದ್ರೆ ಚಿಕ್ಕಮ್ಮ ಅಂತಿರು, ಅದು ಪುಸ್ತಕದ ವ್ಯವಹಾರ ಅಂದಿದ್ಳು,” ಎಂದರು ಉಮ್ ಖಾಲಿದ್. “ನಾನು ಯಾಕೆ ಅಂತ ಕೇಳ್ಲಿಲ್ಲ. ಬಂದವರೆಲ್ಲ ಅವಳ ಕೈ ಹಿಡ್ಕೊಂಡು ಸಾರಿ ಸಾರಿ ಅಂತಾರೆ. ಸಾರಿ ಅಂದ್ರೆ ಏನು ಅಂತ ನನಗೆ ಗೊತ್ತು.”

ಆಮೇಲೆ ನಡೆದದ್ದನ್ನು ಹೇಳಿದರು. ತಂಗಿಯ ಹೆಸರು ಸಲ್ಮಾ. ಮೂತ್ರಪಿಂಡದ ಕಾಯಿಲೆ. ಅಕ್ಕನ ಕೈಯ ಎಲೆ ಸುರುಳಿ ತಿನ್ನಬೇಕೆಂದು ಹೇಳಿಕಳಿಸಿದ್ದಳು. ಅನುಮತಿಯ ಕಾಗದ ಸಿಗಲು ಐದು ತಿಂಗಳು ಹಿಡಿಯಿತು. ಬೆಳಗಿನ ಮೊದಲ ಬಸ್ಸಿಗೆ ಸೇತುವೆಗೆ ಹೋದರು. ಚೂಯಿಂಗ್ ಗಮ್ ಜಗಿಯುತ್ತಿದ್ದ ಸೈನಿಕ ಹುಡುಗಿಯೊಬ್ಬಳು ಪಾತ್ರೆಯ ಮುಚ್ಚಳ ತೆಗೆಸಿ ಸುರುಳಿಗಳನ್ನು ಪೆನ್ನಿನಿಂದ ಚುಚ್ಚಿ ನೋಡಿದಳು. ಏಳು ಗಂಟೆ ಬೆಂಚಿನ ಮೇಲೆ ಕೂರಿಸಿದರು. ಒಂದೇ ಪ್ರಶ್ನೆಗಳನ್ನು ನಾಲ್ಕು ಸಲ ಕೇಳಿದರು. ಸಂಜೆ ಕಾಗದದ ಮೇಲೆ ಮೊಹರು ಒತ್ತಿ ವಾಪಸ್ ಬಸ್ಸಿಗೆ ಹತ್ತಿಸಿದರು. ಕಾರಣ ಹೇಳಲಿಲ್ಲ.

“ಯಾರೂ ಗುಂಡು ಹೊಡೀಲಿಲ್ಲ. ಯಾರೂ ಬೈಯ್ಯಲಿಲ್ಲ ಕೂಡ. ಪಾತ್ರೆ ತಂದು ಫ್ರಿಜ್ಜಲ್ಲಿಟ್ಟೆ. ಐವತ್ತು ಜನಕ್ಕಾಗೋಷ್ಟು ಮಾಡಿದ್ದೆ. ಚೆಲ್ಲೋಕಾಗುತ್ತಾ? ಮೂರು ದಿನ ಮನೇಲಿ ಅದನ್ನೇ ತಿಂದ್ವಿ. ರೀಮಾಗೆ ಆಗ ಹದಿನಾರು. ಮೂರನೇ ದಿನ ತಟ್ಟೆ ನೋಡಿ ‘ಮತ್ತೆ ಅದೇನಾ’ ಅಂದ್ಳು. ನಾನು ಕೆನ್ನೆಗೆ ಹೊಡೆದೆ. ಜೀವಮಾನದಲ್ಲಿ ಅವಳಿಗೆ ಹೊಡೆದಿದ್ದು ಅದೊಂದೇ ಸಲ. ಹನ್ನೊಂದನೇ ದಿನ ಸಲ್ಮಾ ಹೋದ್ಳು ಅಂತ ಫೋನು ಬಂತು.” ನನ್ನ ಕಡೆ ನೋಡಿದರು. “ಹೊಡೆದಿದ್ದು ಪುಸ್ತಕದಲ್ಲಿದೆಯಾ?”

“ಇಲ್ಲ.”

“ಒಳ್ಳೇದಾಯ್ತು ಬಿಡು,” ಎಂದರು. ಮುಖ ನೋಡಿದರೆ ಒಳ್ಳೆಯದಾದ ಹಾಗಿರಲಿಲ್ಲ.

ಹೊರಡುವಾಗ ಬಾಗಿಲ ಹತ್ತಿರ ನನ್ನ ರಟ್ಟೆ ಹಿಡಿದರು. “ಇದನ್ನ ಆ ಕ್ಲಾಸಲ್ಲಿ ಹೇಳಬೇಡ. ಅವಳ ಹೆಸರು ಹಾಳಾಗುತ್ತೆ. ಅದು ಅವಳ ಅನ್ನ.”

ಕೊನೆಯ ದಿನ

ಗುರುವಾರ ನನ್ನ ಪ್ರಬಂಧ ಮಂಡನೆ. ರೀಮಾ ವಿಶೇಷ ಅತಿಥಿಯಾಗಿ ಮುಂದಿನ ಸಾಲಿನಲ್ಲಿ ಕೂತಿದ್ದಳು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಎಂಬ ಗಾದೆಯಿದೆಯಲ್ಲ. ಇಲ್ಲಿ ಒದೆ ಬೀಳುತ್ತಿದ್ದುದು ನನಗಲ್ಲ, ಅವಳಿಗೆ. ಉಮ್ ಖಾಲಿದ್ ಹೇಳಬೇಡ ಎಂದದ್ದು ಬೇರೆ ಇತ್ತು. ಇವೆಲ್ಲ ಒಳ್ಳೆಯ ಕಾರಣಗಳು. ಇವುಗಳ ಹಿಂದೆ ಇನ್ನೊಂದಿತ್ತು: ಗೈಡ್ ಹೇಳಿದ ‘ವೆಯ್ಟ್’ ನನಗೆ ಬೇಕಿತ್ತು.

ಹನ್ನೊಂದು ಪುಟವನ್ನೂ ಓದಿದೆ. ತಾಯಿಯ ದೇಹವೇ ನೆಲ ಎಂದೆ. ಚೆಲ್ಲಿದ ಎಲೆಗಳೇ ಚದುರಿದ ಜನ ಎಂದೆ. ಎಂಟನೆಯ ಪುಟದಲ್ಲಿ ನನ್ನ ದನಿ ತಾನಾಗಿ ಗದ್ಗದವಾಯಿತು. ಇಪ್ಪತ್ತೊಂದು ವರ್ಷ ಪಾಠ ಹೇಳಿದವಳಿಗೆ ದನಿ ಎಲ್ಲಿ ಒಡೆಯಬೇಕೆಂದು ಯಾರೂ ಹೇಳಿಕೊಡಬೇಕಿಲ್ಲ. ಕ್ಲೇರ್ ಬಿಕ್ಕಿದಳು. ಹೆಲೆನ್ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನು ನಾಚಿಕೆಯಿಲ್ಲದೆ ಕೈಮುಗಿದೆ.

ಆಮೇಲೆ ಹೊರಗಿನ ಮೆಟ್ಟಿಲ ಮೇಲೆ ರೀಮಾ ಬಂದು ಪಕ್ಕದಲ್ಲಿ ಕೂತಳು.

“ಅಮ್ಮ ಹೇಳಿದ್ರು, ನಿಮಗೆ ಗೊತ್ತು ಅಂತ. ಗೊತ್ತಿದ್ದೂ ಓದಿದ್ರಿ.”

“ಹೌದು.”

“ಥ್ಯಾಂಕ್ಸ್ ಹೇಳಬೇಕೋ ಉಗಿಯಬೇಕೋ ತಿಳೀತಿಲ್ಲ.” ಮೆಟ್ಟಿಲ ಮೇಲಿನ ಧೂಳನ್ನು ಕೈಯಿಂದ ಸರಿಸಿದಳು. “ಮೊದಲು ಬರೆದಾಗ ಅಮ್ಮ ವಾಪಸ್ ಬರ್ತಾರೆ. ಮೂರು ದಿನ ಅದನ್ನೇ ತಿಂತೀವಿ. ಕೆನ್ನೆಗೆ ಹೊಡೀತಾರೆ. ಅಲ್ಲಿಗೆ ಮುಗಿಯುತ್ತೆ. ಪ್ರಕಾಶಕರು ಕಾಗದ ಬರೆದ್ರು: ತುಂಬ ಚೆನ್ನಾಗಿದೆ, ಆದರೆ ಏನೂ ನಡೆಯೋದೇ ಇಲ್ಲ ಅಂತ. ಹೊಡೆಯೋ ತಾಯಿ ಮೇಲೆ ಓದುಗರಿಗೆ ಕರುಣೆ ಬರಲ್ಲ ಅಂತಲೂ ಇತ್ತು.”

“ಅದಕ್ಕೆ ಸಾಯಿಸಿದ್ರಾ?”

“ಅಲ್ಲಿ ದಿನಾ ಜನ ಸಾಯ್ತಿದಾರೆ. ಟಿವಿ ನೋಡಿದ್ರಲ್ಲ. ನಾನು ಸುಳ್ಳು ಸಾವು ಹುಟ್ಟಿಸ್ಲಿಲ್ಲ. ಯಾರದೋ ಸಾವನ್ನ ತಂದು ನಮ್ಮಮ್ಮನ ಮೇಲೆ ಹಾಕಿದೆ.” ಅವಳ ದನಿ ಗಟ್ಟಿಯಾಯಿತು. “ವಾಪಸ್ ಕಳಿಸಿದ್ರು ಅನ್ನೋದನ್ನ ಇಂಗ್ಲಿಷಲ್ಲಿ ಹೇಗೆ ಬರೆದ್ರೂ ವೀಸಾ ಸಿಗಲಿಲ್ಲ ಅಂದ ಹಾಗೆ ಕೇಳುತ್ತೆ. ಅವರಿಗೆ ಅದು ಗೊತ್ತಾಗಬೇಕಾದ್ರೆ ಒಂದು ಹೆಣ ಬೇಕು.”

ಎದ್ದು ಬಟ್ಟೆ ಕೊಡವಿಕೊಂಡಳು.

“ಇನ್ನೊಂದು ವಿಷಯ. ಆ ಎಲೆಗಳು ರಸ್ತೆ ಮೇಲೆ ಚೆಲ್ಲುತ್ತಲ್ಲ, ನೀವು ಹನ್ನೊಂದು ಪುಟ ಬರೆದಿರೋದು? ಅದು ನಂದಲ್ಲ. ಎಡಿಟರ್ ಸೇರಿಸಿದ್ದು. ಲಂಡನ್ನಿನವಳು. ಅವಳು ಆ ಎಲೆ ತಿಂದೂ ಇಲ್ಲ.”

ಮತ್ತೆ ಶಂಕರಪುರಂ

ವಾಪಸ್ ಬಂದ ವಾರವೇ ಗೈಡ್‌ಗೆ ಎಲ್ಲ ಹೇಳಿದೆ. ಅಧ್ಯಾಯವನ್ನು ಬೇರೆ ಥರ ಬರೆಯುತ್ತೇನೆ ಎಂದೆ.

ಅವರು ಗಾಬರಿಯಾದರು. “ಅಯ್ಯೋ, ಬದುಕಿದ್ರೆ ಬದುಕಿರಲಿ ಬಿಡಿ ಮೇಡಂ, ಸಂತೋಷ. ಥೀಸಿಸಲ್ಲಿ ಬೇಡ. ಬದುಕಿರೋ ತಾಯಿ ಇಟ್ಕೊಂಡು ಏನ್ರೀ ಆರ್ಗ್ಯುಮೆಂಟ್ ಮಾಡ್ತೀರಾ? ಇನ್ನೊಂದು ವರ್ಷ ಎಕ್ಸ್‌ಟೆನ್ಷನ್ ಬೇಕಾಗುತ್ತೆ ನೋಡಿ.”

ಒಂದು ವರ್ಷ. ಕಾಲೇಜಿನಲ್ಲಿ ನನ್ನ ಮೇಲಿನ ಆ ಕುರ್ಚಿ ಆಗ ಖಾಲಿಯಾಗುವುದರಲ್ಲಿತ್ತು. ಒಂದಕ್ಷರವನ್ನೂ ಬದಲಿಸದೆ ಪ್ರಬಂಧ ಒಪ್ಪಿಸಿದೆ. ಮೌಖಿಕ ಪರೀಕ್ಷೆಗೆ ಬಂದ ಹಿರಿಯರೊಬ್ಬರು ಎಲೆಗಳ ಅಧ್ಯಾಯವನ್ನು ಎರಡು ಸಲ ಹೊಗಳಿದರು. ಸ್ಟಾಫ್ ರೂಮಿನಲ್ಲಿ ಮೈಸೂರುಪಾಕು ಹಂಚಿದೆ. ಕೆಮಿಸ್ಟ್ರಿ ಮೇಷ್ಟ್ರು ಎರಡು ತುಂಡು ತೆಗೆದುಕೊಂಡರು. ಹಾಗೆ ನಾನು ಡಾಕ್ಟರ್ ಗಿರಿಜಾ ಆದೆ. ಮನೆಯ ಗೇಟಿಗೆ ಹಾಕಿದ ಹೊಸ ಹೆಸರಿನ ಹಲಗೆಯ ಮುಂದೆ ಹಾದುಹೋಗುವಾಗ ಈಗಲೂ ನಾನು ಬೇರೆ ಕಡೆ ನೋಡುತ್ತೇನೆ.

ಮೈಸೂರುಪಾಕು ಹಂಚಿದ ದಿನ ಸಂಜೆ ಉಮ್ ಖಾಲಿದ್‌ಗೆ ಫೋನ್ ಮಾಡಿದೆ. ವೀಡಿಯೊದಲ್ಲಿ ಅವರ ಹಣೆ ಮಾತ್ರ ಕಾಣುತ್ತಿತ್ತು.

“ಡಾಕ್ಟರ್ ಆದ್ಯಾ? ಮಬ್ರೂಕ್. ನಾನು ಸತ್ತಿದ್ದಕ್ಕೇ ಕೊಟ್ರಾ?”

“ಅದಕ್ಕೇ ಕೊಟ್ರು.”

ಕೆಮ್ಮು ಬರುವ ತನಕ ನಕ್ಕರು. ನಾನು ಹಣೆ ನೋಡುತ್ತಿದ್ದೆ. ಅವರು ನೀರು ಕುಡಿದು ಬಂದು ಕೇಳಿದರು, “ನಿಮ್ಮೂರಲ್ಲಿ ಯಾವ ಭಾಷೆ?”

“ಕನ್ನಡ.”

“ರೀಮಾಗೆ ಬರುತ್ತಾ?”

“ಇಲ್ಲ.”

“ಆ ಲಂಡನ್ನಿನವಳಿಗೆ? ಚಪ್ಪಾಳೆ ತಟ್ಟಿದವರಿಗೆ?”

“ಯಾರಿಗೂ ಬರಲ್ಲ.”

“ಹಾಗಾದ್ರೆ ಅದರಲ್ಲಿ ಬರಿ. ಹೊಡೆದಿದ್ದನ್ನೂ ಬರಿ.”

ಬರೆದಿದ್ದೇನೆ. ಉಮ್ ಖಾಲಿದ್ ಬದುಕಿದ್ದಾರೆ, ಅಮ್ಮಾನಿನಲ್ಲಿ, ಮೂರನೆಯ ಮಹಡಿಯಲ್ಲಿ. ಹೋದ ಭಾನುವಾರ ಮಾತಾಡಿದಾಗ ಮಂಡಿ ನೋವೆಂದು ಅರ್ಧ ಗಂಟೆ ದೂರಿ, ಹೊಸ ವೈದ್ಯ ದುಡ್ಡು ತಿನ್ನುವವನೆಂದು ಬೈದು, ಒಲೆಯ ಮೇಲೆ ಏನೋ ಸೀಯುತ್ತಿದೆ ಎಂದು ಫೋನಿಟ್ಟರು.